ಕುಳಿತು ಎತ್ತಿ

ಕೇಳುಗರಿಗೆ ನಮಸ್ಕಾರ. ದಾವಣಗೆರೆ, ಹರಿಹರದ ಕಡೆ ಮನೆ ಕಟ್ಟುತ್ತಿರುವ ಗಾರೆ ಕೆಲಸದ ಅಣ್ಣಂದಿರೇ, ಅಕ್ಕಂದಿರೇ, ಕೈಯಲ್ಲಿರುವ ಬಾಂಡ್ಲಿಯನ್ನು ಸ್ವಲ್ಪ ಹೊತ್ತು ಕೆಳಗಿಡಿ. ನಾನು ಹೇಳುವುದು ಒಂದೇ ಮಾತು. ಭಾರ ಎತ್ತುವಾಗ ಸೊಂಟ ಬಗ್ಗಿಸಬೇಡಿ. ಕುಕ್ಕರುಗಾಲಿನಲ್ಲಿ ಕುಳಿತು, ಭಾರವನ್ನು ಮೈಗೆ ಒತ್ತಿಕೊಂಡು, ತೊಡೆಯ ಬಲದಿಂದ ಏಳಿ.

ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಡಿಸ್ಕ್ ಎನ್ನುವುದು ಇದನ್ನೇ. ಸಿಮೆಂಟ್ ಚೀಲ 50 ಕಿಲೋ. ಬಗ್ಗಿ, ಕೈ ಚಾಚಿ ಎತ್ತಿದರೆ ಸೊಂಟದ ಬಿಲ್ಲೆಯ ಮೇಲೆ ಅದರ ಹಲವು ಪಟ್ಟು ಭಾರ ಬೀಳುತ್ತದೆ. ಹಾರೆಯಿಂದ ಕಲ್ಲು ಮೀಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಾಚಿದ ಕೈ ಹಾರೆಯಾಗುತ್ತದೆ, ಸೊಂಟ ಕಲ್ಲಾಗುತ್ತದೆ. ಬಿಲ್ಲೆ ಉಬ್ಬಿ ನರವನ್ನು ಒತ್ತಿದರೆ ನೋವು ಪಿರ್ರೆಯಿಂದ ಮೀನಖಂಡದವರೆಗೆ ಇಳಿಯುತ್ತದೆ.

ಕಳೆದ ಬೇಸಿಗೆಯಲ್ಲಿ ಚನ್ನಗಿರಿ ಕಡೆಯ ಯುವಕರೊಬ್ಬರು ಹೆಂಡತಿಯ ಹೆಗಲು ಹಿಡಿದುಕೊಂಡು ಚಿಕಿತ್ಸೆಗೆಂದು ನನ್ನ ಬಳಿ ಬಂದರು. ಲಾರಿಯಿಂದ ಸಿಮೆಂಟ್ ಇಳಿಸುವಾಗ ಸೊಂಟದಲ್ಲಿ ಚಳುಕು ಹಿಡಿದಿತ್ತು. ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಚಳುಕು ಬಿಡುತ್ತದೆಂದು ನಂಬಿ, ಅಂಥವರಿಂದ ಬೆನ್ನು ತುಳಿಸಿಕೊಂಡು ನೋವನ್ನು ಇಮ್ಮಡಿ ಮಾಡಿಕೊಂಡಿದ್ದರು. ದಯವಿಟ್ಟು ಬೆನ್ನು ತುಳಿಸಿಕೊಳ್ಳಬೇಡಿ, ಇದನ್ನು ಎಷ್ಟು ಸಲ ಹೇಳಬೇಕೋ! ಒಂದೂವರೆ ತಿಂಗಳಿಗೆ ಚೇತರಿಸಿಕೊಂಡರು. ಕೆಲಸಕ್ಕೆ ಮರಳುವ ಮುನ್ನ, ಅರ್ಧ ತುಂಬಿದ ನೀರಿನ ಕ್ಯಾನೊಂದನ್ನು ಮುಂದಿಟ್ಟು, "ಎತ್ತಿ, ನೋಡೋಣ" ಎಂದೆ. ಕಾಲು ನೆಟ್ಟಗೆ, ಬೆನ್ನು ಕಮಾನು! ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ನೀವು ಸರಿಯಿರಿ" ಎಂದು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. ಕುಕ್ಕರುಗಾಲಿನಲ್ಲಿ ಕುಳಿತರು, ಕ್ಯಾನನ್ನು ಹೊಟ್ಟೆಗೆ ಅವುಚಿಕೊಂಡರು, ಎದ್ದರು. ಬೆನ್ನು ಒಂದಿಷ್ಟೂ ಬಾಗಲಿಲ್ಲ. "ಕೊಡ ಎತ್ತುವುದನ್ನು ನಮ್ಮವ್ವ ಹೀಗೇ ಕಲಿಸಿದ್ದು, ಡಾಕ್ಟರೇ" ಎಂದರು. ನಾನು ಕಲಿಸಬೇಕೆಂದಿದ್ದುದೆಲ್ಲ ಅದೇ! ಗಂಡ ಮಾತ್ರ, "ಹಾಗೆ ಕೂತು ಎದ್ದರೆ ತಡವಾಗುತ್ತದೆ, ಮೇಸ್ತ್ರಿ ಬೈಯುತ್ತಾರೆ" ಎಂದರು.

ಮೇಸ್ತ್ರಿಗಳೇ, ಬೈಯಬೇಡಿ. ಚೀಲಕ್ಕೆ ಇಬ್ಬರು ಕೈ ಹಾಕಲಿ. ಲಾರಿಯಿಂದ ಇಳಿಸಿದ್ದನ್ನು ನೆಲಕ್ಕೆ ಹಾಕಿಸದೆ, ಸೊಂಟದೆತ್ತರದ ಗಟ್ಟಿ ಅಟ್ಟಣಿಗೆಯ ಮೇಲೆ ಇಡಿಸಿ. ಬಗ್ಗುವ ಪ್ರಮೇಯವೇ ಬರುವುದಿಲ್ಲ.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಕಾಲಿನ ಬಲ ಕುಂದಿದರೆ, ಕುಳಿತುಕೊಳ್ಳುವ ಜಾಗ ಜೋಮು ಹಿಡಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ನಿಮ್ಮ ಅರಿವಿಲ್ಲದೆಯೇ ಮೂತ್ರ ಹೋಗಿಬಿಟ್ಟರೆ, ಬೆಳಗಾಗಲಿ ಎಂದು ಕಾಯಬೇಡಿ. ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೊರಡಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಾರ್ಮಿಕ ಇಲಾಖೆಯಲ್ಲಿ ಹೆಸರು ನೋಂದಾಯಿಸಿ ಕಾರ್ಡ್ ಮಾಡಿಸಿಕೊಳ್ಳಿ.

ಈಗ ಆ ಬಾಂಡ್ಲಿಯನ್ನು ಎತ್ತಿಕೊಳ್ಳಿ. ಹಾಗಲ್ಲ, ಕುಳಿತು ಎತ್ತಿಕೊಳ್ಳಿ. ನಮಸ್ಕಾರ.