ವೈರ್ ಕಮ್ಮಿ ಆಯ್ತು ಸರಿ, ರೂಟ್ ಆಯ್ತಾ ಗುರು?

ಎಲ್ರಿಗೂ ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ರು ಕಾಮೆಂಟ್ ಹಾಕಿದಾರೆ, "ಅಣ್ಣಾ, ಎಐ ಆರು ಗಂಟೇಲಿ ಚಿಪ್ ಪ್ಲೇಸ್‌ಮೆಂಟ್ ಮುಗಿಸುತ್ತೆ, ನೀವಿನ್ನೂ ಮ್ಯಾಕ್ರೋ ಎಳ್ಕೊಂಡು ಕೂತಿದೀರಾ" ಅಂತ. ಅದಕ್ಕೆ ಲೈಕ್ ಬೇರೆ, ನನ್ನ ವಿಡಿಯೋಗೂ ಅಷ್ಟು ಬಂದಿಲ್ಲ. ನಾನು ಕೇಳೋದು ಒಂದೇ, ಚಿಪ್ಪಲ್ಲಿ ನಿಜವಾದ ವೈರ್ ಎಲ್ಲಾ ಎಳೆದಾಯ್ತಾ, ಅಂದ್ರೆ, ರೂಟ್ ಆಯ್ತಾ?

ಗೊತ್ತಿಲ್ಲದೋರಿಗೆ ಹೇಳ್ತೀನಿ. ಚಿಪ್ ಒಳಗೆ ಲಕ್ಷಾಂತರ ಸ್ಟ್ಯಾಂಡರ್ಡ್ ಸೆಲ್, ಅಂದ್ರೆ ಸಣ್ಣ ಸಣ್ಣ ರೆಡಿಮೇಡ್ ಸರ್ಕ್ಯೂಟ್, ಇರ್ತವೆ, ಜೊತೆಗೆ ಮೆಮೊರಿ ಥರ ದೊಡ್ಡ ಬ್ಲಾಕುಗಳು, ಅವೇ ಮ್ಯಾಕ್ರೋ. ಯಾವ್ದು ಎಲ್ಲಿ ಕೂರ್ಬೇಕು ಅನ್ನೋದೇ ಪ್ಲೇಸ್‌ಮೆಂಟ್. ಆಗ ನಿಜವಾದ ವೈರ್ ಇನ್ನೂ ಎಳ್ದಿರಲ್ಲ, ಅದಕ್ಕೆ ಟೂಲ್ ಒಂದೊಂದು ನೆಟ್‌ನ, ಅಂದ್ರೆ ಒಂದಕ್ಕೊಂದು ಸೇರ್ಬೇಕಾದ ಗುಂಪಿನ, ಪಿನ್‌ಗಳ ಸುತ್ತ ಬಾಕ್ಸ್ ಹಾಕಿ ಉದ್ದ ಅಗಲ ಕೂಡಿಸಿ ಅಂದಾಜು ಮಾಡುತ್ತೆ, ಎಚ್‌ಪಿಡಬ್ಲ್ಯುಎಲ್ ಅಂತ, ಹಾಫ್ ಪೆರಿಮೀಟರ್ ವೈರ್‌ಲೆಂತ್. ಅಂದಾಜು ಕಣ್ರಪ್ಪ, ಅಂದಾಜು! ಎಲ್ರೂ ಆಫೀಸ್ ಪಕ್ಕದಲ್ಲೇ ಮನೆ ಮಾಡಿದ್ರೆ ಮ್ಯಾಪಲ್ಲಿ ದೂರ ಕಮ್ಮಿನೇ, ಆದ್ರೆ ಸಂಜೆ ಆರಕ್ಕೆ ಸಿಲ್ಕ್ ಬೋರ್ಡಲ್ಲಿ ನಿಂತು ನೋಡಿ.

ನಾನು ಹಿಂದೆ ಒಂದು ಪ್ರಾಜೆಕ್ಟಲ್ಲಿದ್ದೆ, ಹೆಸ್ರು ಬೇಡ. ಎರಡು ಮೆಮೊರಿ ಮಧ್ಯೆ ಸಣ್ಣ ಚಾನೆಲ್ ಬಿಟ್ಟಿದ್ರು, ಇಲ್ಲಿ ಸೆಲ್ ಇಡ್ಬೇಡ ಅನ್ನೋ ಬ್ಲಾಕೇಜ್ ಹಾಕಿರ್ಲಿಲ್ಲ, ಟೂಲ್ ಅಲ್ಲೇ ಸೆಲ್ ತುರುಕ್ತು, ವೈರ್‌ಲೆಂತ್ ಸಖತ್ತಾಗಿ ಬಂತು, ಮ್ಯಾನೇಜರ್ ಫುಲ್ ಖುಷಿ. ರಾತ್ರಿ ರೂಟ್ ಹಾಕಿ ಹೋದ್ವಿ, ಬೆಳಗ್ಗೆ ಆ ಗಲ್ಲಿ ತುಂಬ ಶಾರ್ಟು, ವೈರಿಗೆ ವೈರ್ ತಗುಲಿದೆ, ವೈರ್ ಟ್ರಾಫಿಕ್ ತೋರ್ಸೋ ಕಂಜೆಶನ್ ಮ್ಯಾಪ್ ಕೆಂಪೋ ಕೆಂಪು. ಸೆಟಪ್ ವಯೊಲೇಶನ್ (ಸಿಗ್ನಲ್ ಲೇಟಾಗಿ ಬರೋದು) ಸರಿ ಮಾಡೋಕೆ ಸಿಗ್ನಲ್‌ಗೆ ಬಲ ಕೊಡೋ ಬಫರ್ ಹಾಕೋಣ ಅಂದ್ರೆ ಜಾಗಾನೇ ಇಲ್ಲ. ರೂಟ್ ಆಯ್ತಾ? ಇಲ್ಲ!

ಈಗ ಆರು ಗಂಟೆ ಕಥೆಗೆ ಬರ್ತೀನಿ. 2021ರಲ್ಲಿ ಗೂಗಲ್‌ನೋರು ನೇಚರ್ ಪತ್ರಿಕೇಲಿ ಪೇಪರ್ ಹಾಕಿದ್ರು, ಆ ಆರು ಗಂಟೆ ಮಾತು ಬಂದಿದ್ದೇ ಅಲ್ಲಿಂದ, ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್‌ನಿಂದ, ಅಂದ್ರೆ ಮಾಡಿ ನೋಡಿ ಅಂಕ ತಗೊಂಡು ಕಲಿಯೋ ಎಐನಿಂದ, ಮ್ಯಾಕ್ರೋ ಇಡೋದು. ಟ್ರೇನಿಂಗಲ್ಲಿ ಅದು ಬೆನ್ನಟ್ಟೋದು ಯಾವ್ದನ್ನ? ವೈರ್‌ಲೆಂತ್, ಕಂಜೆಶನ್, ಡೆನ್ಸಿಟಿ ಸೇರಿಸಿದ ಪ್ರಾಕ್ಸಿ ಕಾಸ್ಟು, ಅದೂ ಅಂದಾಜೇ! 2023ರಲ್ಲಿ ಐಎಸ್‌ಪಿಡಿ ಅನ್ನೋ ಚಿಪ್ ಡಿಸೈನ್ ಸಮ್ಮೇಳನದಲ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ, ಸ್ಯಾನ್ ಡಿಯಾಗೋದ ಆಂಡ್ರ್ಯೂ ಕಾಂಗ್ ತಂಡ ಚೆಕ್ ಮಾಡಿ ಹೇಳಿದ್ದೇನು? ಆ ಪ್ರಾಕ್ಸಿಗೂ ಕೊನೇಲಿ ಬರೋ ರಿಸಲ್ಟ್‌ಗೂ ಸರಿಯಾಗಿ ತಾಳೆ ಆಗಲ್ಲ ಅಂತ. ಸುಮ್ನೆ ಜಾಗ ಬದಲಿಸಿ ಬದಲಿಸಿ ನೋಡೋ ಸಿಮ್ಯುಲೇಟೆಡ್ ಅನೀಲಿಂಗ್ ಕೂಡ ಪೈಪೋಟಿ ಕೊಡ್ತು, 1983ರ ಐಡಿಯಾ ಗುರು ಅದು, ಐಬಿಎಂನೋರದ್ದು!

"ಕಾಂಗ್ ತಂಡ ಮೊದ್ಲೇ ಬೇರೆ ಡಿಸೈನ್ ಮೇಲೆ ಕಲಿಸೋ ಪ್ರೀ-ಟ್ರೇನಿಂಗ್ ಮಾಡದೇ ಟೆಸ್ಟ್ ಮಾಡಿದ್ರು, ಗೂಗಲ್ ಅದನ್ನ ತನ್ನ ಎಐ ಚಿಪ್ ಟಿಪಿಯುನಲ್ಲಿ ಯೂಸ್ ಮಾಡ್ತಿದೆ" ಅಂತ ಕಾಮೆಂಟಲ್ಲಿ ಬರ್ತೀರ, ಗೊತ್ತು. ಮಾಡ್ಲಿ ಬಿಡ್ರಿ, ಯಾರು ಬೇಡ ಅಂದ್ರು. ನನ್ನ ಡಿಸೈನ್ ತಗೊಳಿ, ರೂಟ್ ಮಾಡಿ ತೋರ್ಸಿ. ಟೈಮಿಂಗ್ ರಿಪೋರ್ಟ್ ತೋರ್ಸಿ, ಡಿಆರ್‌ಸಿ ಕೌಂಟ್ (ಲೇಔಟ್ ರೂಲ್ ಎಷ್ಟು ಕಡೆ ಮುರಿದಿದೆ ಅಂತ) ತೋರ್ಸಿ, ಬಣ್ಣಬಣ್ಣದ ಸ್ಕ್ರೀನ್‌ಶಾಟ್ ಬೇಡ.

ಅಂದಹಾಗೆ ಫ್ಲೋರ್‌ಪ್ಲಾನ್ ಬಗ್ಗೆ ವೀಕೆಂಡ್ ಕ್ಲಾಸ್ ಶುರು ಮಾಡ್ತಿದೀನಿ, ಓಪನ್‌ರೋಡ್ ಟೂಲಲ್ಲಿ, ಅದು ಫ್ರೀ, ನಾನು ಫ್ರೀ ಅಲ್ಲ. ಲಿಂಕ್ ಕೆಳಗಿದೆ. ಸಬ್‌ಸ್ಕ್ರೈಬ್ ಆಗಿ, ಆ ಕಾಮೆಂಟ್ ಹಾಕಿದ ಮಹಾನುಭಾವರೂ ಆಗಿ. ಆಮೇಲೆ "ಆರು ಗಂಟೆ" ಅಂತ ಇನ್ನೊಂದ್ಸಲ ಯಾರಾದ್ರೂ ಹಾಕಿದ್ರೆ ಬ್ಲಾಕ್ ಮಾಡ್ತೀನಿ, ಸೀರಿಯಸ್ಸಾಗಿ, ರೂಟ್ ಮಾಡ್ಕೊಂಡು ಬನ್ನಿ ಆಮೇಲೆ ಅನ್‌ಬ್ಲಾಕ್ ಬಗ್ಗೆ ಮಾತಾಡೋಣ.