ಹುಲ್ಲಿಗೂ ಒಂದು ಹಿಂಗಾರು: ಚಳಿ ಬರುವ ಮುನ್ನ ಲಾನ್ ಬಿತ್ತನೆ

[ದೃಶ್ಯ: ಆಗಸ್ಟ್ ಕೊನೆಯ ವಾರ. ಮಧ್ಯ ನ್ಯೂಜೆರ್ಸಿಯ ಒಂದು ಮನೆಯ ಮುಂದಿನ ಲಾನ್. ಅಲ್ಲಲ್ಲಿ ಬೋಳು, ಅಂಚಿನಲ್ಲಿ ಕ್ರ್ಯಾಬ್‌ಗ್ರಾಸ್ ಎಂಬ ಕಳೆ ಹುಲ್ಲು.]

ನಮಸ್ಕಾರ. ಈ ಲಾನ್ ನೋಡಿ. ಜುಲೈ ಬಿಸಿಲಿಗೆ ನಡುವೆ ಬೋಳು ಬಿದ್ದಿದೆ, ಕಾರು ನಿಲ್ಲಿಸುವ ಜಾಗದ ಅಂಚಿಗೆ ಕಳೆ ಹಬ್ಬಿದೆ. ಇದಕ್ಕೆ ಬೀಜ ಹಾಕುವುದು ಯಾವಾಗ ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ: "ಏಪ್ರಿಲ್ ಬರಲಿ." ಅಂಗಡಿಯವರೂ ಏಪ್ರಿಲ್‌ನಲ್ಲೇ ಬಾಗಿಲ ಬಳಿ ಬೀಜದ ಚೀಲಗಳನ್ನು ಪೇರಿಸಿಡುತ್ತಾರೆ. ಅವರಿಗೆ ಅದು ವ್ಯಾಪಾರದ ಕಾಲ. ಅಮೆರಿಕದ ಉತ್ತರ ಭಾಗದಲ್ಲಿ ಹುಲ್ಲು ಬಿತ್ತುವ ಹದ ಮಾತ್ರ ಈಗ, ಮೇಪಲ್ ಎಲೆ ಕೆಂಪಾಗುವ ಮುಂಚೆ.

ಊರಿನ ಹಿಂಗಾರು ಬಿತ್ತನೆ ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ವಿಜಯಪುರ, ಕಲಬುರಗಿ ಕಡೆಯ ಎರೆ ಹೊಲದಲ್ಲಿ ಬಿಳಿಜೋಳವನ್ನೂ ಕಡಲೆಯನ್ನೂ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಬಿತ್ತುತ್ತಾರೆ. ಬಿಸಿಲಿನ ಉರಿ ಇಳಿದಿರುತ್ತದೆ, ನೆಲದಲ್ಲಿ ಇನ್ನೂ ಹಸಿ ಇರುತ್ತದೆ. ಇಲ್ಲಿನ ಹುಲ್ಲಿಗೂ ಅಂಥದ್ದೇ ಒಂದು ಸಂಧಿಕಾಲ ಬೇಕು. ಹಸಿಯನ್ನು ನಾವು ಪೈಪಿನಿಂದ ಕೊಡಬಹುದು, ನೆಲದ ಬಿಸಿಯನ್ನು ಕೊಡಲು ಆಗುವುದಿಲ್ಲ.

[ತೆರೆಯ ಮೇಲೆ ಎರಡು ರೇಖೆಗಳು: ಒಂದು ಗಾಳಿಯ ಉಷ್ಣತೆ, ಇನ್ನೊಂದು ಮಣ್ಣಿನ ಉಷ್ಣತೆ. ಜನವರಿಯಿಂದ ಡಿಸೆಂಬರ್‌ವರೆಗೆ.]

ಮಣ್ಣು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಏಪ್ರಿಲ್‌ನಲ್ಲಿ ನೀವು ಸ್ವೆಟರ್ ಬಿಚ್ಚಿರುತ್ತೀರಿ, ಆದರೆ ಮಣ್ಣು ಇನ್ನೂ ಚಳಿಗಾಲದಲ್ಲೇ ಇರುತ್ತದೆ. ಬೀಜ ಸುಮ್ಮನೆ ಕುಳಿತಿರುತ್ತದೆ. ಅದು ಮೊಳೆತು ನಾಲ್ಕು ಎಲೆ ಬಿಡುವಷ್ಟರಲ್ಲಿ ಜೂನ್ ಬಂದು, ಬೇರು ಇಳಿಯದ ಎಳೆ ಹುಲ್ಲು ಸುಡುತ್ತದೆ. ಇದರ ಜೊತೆಗೆ ಕ್ರ್ಯಾಬ್‌ಗ್ರಾಸ್ ಕೂಡ ಮೊಳೆಯುವುದು ವಸಂತದಲ್ಲೇ. ನೀವು ಹಾಕಿದ ನೀರು, ಗೊಬ್ಬರವೆಲ್ಲ ಅದಕ್ಕೂ ಸಲ್ಲುತ್ತದೆ.

ಸೆಪ್ಟೆಂಬರ್‌ನಲ್ಲಿ ಎಲ್ಲವೂ ತಿರುವುಮುರುವು. ಗಾಳಿ ತಂಪಾಗುತ್ತಿರುತ್ತದೆ, ಮಣ್ಣಿನಲ್ಲಿ ಬೇಸಿಗೆಯ ಕಾವು ಉಳಿದಿರುತ್ತದೆ. ಮೊಳಕೆಗೆ ಬಿಸಿ ನೆಲ, ಎಲೆಗೆ ತಂಪು ಗಾಳಿ. ಕ್ರ್ಯಾಬ್‌ಗ್ರಾಸ್ ಒಂದೇ ವರ್ಷದ ಗಿಡ, ಮೊದಲ ಗಟ್ಟಿ ಹಿಮಕ್ಕೆ ತಾನಾಗಿ ಸಾಯುತ್ತದೆ. ಅದರ ಮೇಲೆ ಈಗ ಔಷಧಿ ಸುರಿದು ಹಣ ಕಳೆಯಬೇಡಿ.

ಇದು ಯಾವ ಹುಲ್ಲಿನ ಮಾತು ಎಂದು ಮೊದಲೇ ಹೇಳಿಬಿಡುತ್ತೇನೆ. ಕೆಂಟಕಿ ಬ್ಲೂಗ್ರಾಸ್, ಟಾಲ್ ಫೆಸ್ಕ್ಯೂ, ಪೆರೆನಿಯಲ್ ರೈಗ್ರಾಸ್. ಇವು ತಂಪು ಸೀಮೆಯ ಹುಲ್ಲುಗಳು. ನ್ಯೂಜೆರ್ಸಿ, ಇಲಿನಾಯ್, ಮಿಷಿಗನ್, ಮಿನೆಸೋಟಾ ಕಡೆಯ ಅಂಗಳಗಳಲ್ಲಿ ಕಾಣುವುದು ಬಹುಪಾಲು ಇವೇ. ಡಲ್ಲಾಸ್, ಹ್ಯೂಸ್ಟನ್‌ನಲ್ಲಿ ಇರುವವರು ಈ ವಿಡಿಯೋ ನೋಡಿ ಬರ್ಮುಡಾ ಬಿತ್ತಲು ಹೊರಡಬೇಡಿ. ಅದಕ್ಕೆ ವಸಂತದ ಕೊನೆ, ಬೇಸಿಗೆಯ ಆರಂಭವೇ ಸರಿಯಾದ ಕಾಲ.

ಅಂದ ಹಾಗೆ, ಬರ್ಮುಡಾ ಎಂದು ಇಲ್ಲಿ ಕರೆಯುವುದು ನಮ್ಮ ಗರಿಕೆಯನ್ನೇ. ಗಣೇಶನ ಹಬ್ಬಕ್ಕೆ ಗರಿಕೆ ಬೇಕೆಂದು ನ್ಯೂಜೆರ್ಸಿಯವರು ಅಂಗಳದ ಹುಲ್ಲನ್ನೇ ಕಿತ್ತುಕೊಂಡು ಹೋಗುವುದುಂಟು. ಅದು ಸಾಮಾನ್ಯವಾಗಿ ಫೆಸ್ಕ್ಯೂ. ನಿಜವಾದ ಗರಿಕೆ ಎಲ್ಲಾದರೂ ಇಣುಕಿದರೆ ಅಕ್ಕಪಕ್ಕದವರು ಅದನ್ನು ಕಳೆ ಎಂದು ಹುಡುಕಿ ಕೊಲ್ಲುತ್ತಾರೆ, ಏಕೆಂದರೆ ಚಳಿಗಾಲವಿಡೀ ಅದು ಕಂದು ಬಣ್ಣಕ್ಕೆ ತಿರುಗಿರುತ್ತದೆ.

[ತೆರೆಯ ಮೇಲೆ: ನ್ಯೂಜೆರ್ಸಿ – ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಆರಂಭ. ಮಿನೆಸೋಟಾ – ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯ.]

ದಿನ ಗೊತ್ತುಮಾಡುವುದು ಹೇಗೆ? ನಿಮ್ಮ ಊರಿನಲ್ಲಿ ಇಬ್ಬನಿ ಮೊದಲ ಬಾರಿಗೆ ಹುಲ್ಲಿನ ಮೇಲೆ ಹೆಪ್ಪುಗಟ್ಟುವುದು ಸಾಮಾನ್ಯವಾಗಿ ಯಾವಾಗ ಎಂದು ನೋಡಿಕೊಂಡು, ಅಲ್ಲಿಂದ ಹಿಂದಕ್ಕೆ ಸುಮಾರು 45 ದಿನ ಎಣಿಸಿ. ಎಳೆ ಹುಲ್ಲಿಗೆ ಅಷ್ಟು ಸಮಯ ಬೇಕು. ಬೇರು ಕಚ್ಚದ ಸಸಿಯನ್ನು ಚಳಿಗಿಂತ ಹೆಚ್ಚಾಗಿ ನೆಲವೇ ಕೊಲ್ಲುತ್ತದೆ. ರಾತ್ರಿ ಮಣ್ಣು ಹೆಪ್ಪುಗಟ್ಟಿ ಉಬ್ಬಿ, ಹಗಲು ಕರಗಿ ಕುಸಿದು, ಸಸಿಯನ್ನು ಬುಡಸಮೇತ ಮೇಲಕ್ಕೆತ್ತಿ ಬಿಸಾಡುತ್ತದೆ. ಹಬ್ಬಗಳ ಲೆಕ್ಕದಲ್ಲಿ ಹೇಳುವುದಾದರೆ ನ್ಯೂಜೆರ್ಸಿಯಲ್ಲಿ ಗಣೇಶನ ಹಬ್ಬದ ಆಸುಪಾಸು ಒಳ್ಳೆಯದು, ದೀಪಾವಳಿಗೆ ಕಾದರೆ ತಡವಾಯಿತು. ಆದರೆ ಪಂಚಾಂಗ ವರ್ಷವರ್ಷಕ್ಕೆ ಸರಿಯುತ್ತದೆ. ಹತ್ತು ಹದಿನೈದು ಡಾಲರಿಗೆ ಸಿಗುವ ಮಣ್ಣಿನ ಥರ್ಮಾಮೀಟರ್ ಅನ್ನು ಬೆಳಿಗ್ಗೆ ಎರಡು ಇಂಚು ಆಳಕ್ಕೆ ಚುಚ್ಚಿ ನೋಡಿ. ಫ್ಯಾರನ್‌ಹೀಟ್‌ನಲ್ಲಿ 50ರಿಂದ 65, ಅಂದರೆ ನಮ್ಮ ಲೆಕ್ಕದಲ್ಲಿ 10ರಿಂದ 18 ಡಿಗ್ರಿ ಇದ್ದರೆ ಈ ಹುಲ್ಲುಗಳು ಚೆನ್ನಾಗಿ ಮೊಳೆಯುತ್ತವೆ. ಅದಕ್ಕಿಂತ ತುಸು ಬೆಚ್ಚಗಿದ್ದರೂ ಚಿಂತೆಯಿಲ್ಲ, ನೀರು ಹೆಚ್ಚು ಬೇಕಾಗುತ್ತದೆ ಅಷ್ಟೇ.

[ದೃಶ್ಯ: ಮೇಜಿನ ಮೇಲೆ ಬೀಜದ ಚೀಲ. ಕ್ಯಾಮೆರಾ ಹಿಂಭಾಗದ ಪುಟ್ಟ ಚೀಟಿಯ ಹತ್ತಿರಕ್ಕೆ ಹೋಗುತ್ತದೆ.]

ಈಗ ಬೀಜ. ಚೀಲದ ಮುಂಭಾಗದಲ್ಲಿ ಹಸಿರು ಹುಲ್ಲಿನ ಮೇಲೆ ನಾಯಿಮರಿ ಓಡುತ್ತಿರುತ್ತದೆ. ಅದನ್ನು ಬಿಡಿ, ಹಿಂದೆ ತಿರುಗಿಸಿ. ಅಲ್ಲೊಂದು ಚೀಟಿ ಇರಲೇಬೇಕು, ಕಾನೂನು ಹಾಗಿದೆ. ಯಾವ ತಳಿ ಎಷ್ಟು ಪಾಲು, ಮೊಳಕೆ ಪ್ರಮಾಣ ಎಷ್ಟು, ಕಳೆ ಬೀಜ ಎಷ್ಟು, ಪರೀಕ್ಷೆ ಮಾಡಿದ್ದು ಯಾವ ತಿಂಗಳು ಎಂಬುದೆಲ್ಲ ಸಣ್ಣ ಅಕ್ಷರದಲ್ಲಿರುತ್ತದೆ. ಅದರಲ್ಲಿ "ಇನರ್ಟ್ ಮ್ಯಾಟರ್", ಅಂದರೆ ಬೀಜವಲ್ಲದ ಪದಾರ್ಥ, ಎಂಬ ಸಾಲನ್ನು ಮೊದಲು ನೋಡಿ. ಬೀಜಕ್ಕೆ ಬಣ್ಣದ ಲೇಪ ಹಾಕಿದ ಚೀಲಗಳಲ್ಲಿ ಇದು 50 ಶೇಕಡಾವರೆಗೂ ಇರುತ್ತದೆ. ಲೆಕ್ಕ ಹಾಕೋಣ. ಚೀಲ 10 ಪೌಂಡ್, ಶುದ್ಧ ಬೀಜ 49 ಶೇಕಡಾ, ಅದರಲ್ಲಿ ಮೊಳೆಯುವುದು 85 ಶೇಕಡಾ ಎಂದುಕೊಳ್ಳಿ. ನೀವು ಹೊತ್ತು ತಂದ 10 ಪೌಂಡಿನಲ್ಲಿ ಜೀವ ಇರುವುದು ನಾಲ್ಕು ಪೌಂಡಿಗೆ ಚೂರು ಹೆಚ್ಚು. ಲೇಪ ಕೆಟ್ಟದ್ದಲ್ಲ, ನೀರು ಹಿಡಿದಿಡಲು ಸ್ವಲ್ಪ ಸಹಾಯ ಮಾಡುತ್ತದೆ. ಬೀಜದ ಬೆಲೆ ಕೊಟ್ಟು ಲೇಪ ಕೊಳ್ಳುತ್ತಿದ್ದೇವೆ ಎಂಬುದು ಗೊತ್ತಿದ್ದು ಕೊಂಡರೆ ಸಾಕು.

"ಇತರ ಬೆಳೆ" ಎಂಬ ಸಾಲು ಸೊನ್ನೆಗೆ ಹತ್ತಿರ ಇರಬೇಕು. ದನದ ಮೇವಿನ ಒರಟು ಹುಲ್ಲುಗಳ ಬೀಜ ಅಲ್ಲಿ ಅಡಗಿರಬಹುದು. ಒಮ್ಮೆ ಲಾನ್‌ಗೆ ಬಂದರೆ ಒಳ್ಳೆಯ ಹುಲ್ಲನ್ನು ಉಳಿಸಿಕೊಂಡು ಅವನ್ನು ಮಾತ್ರ ಕೊಲ್ಲುವುದು ಬಹಳ ಕಷ್ಟ. "ಆನ್ಯುಯಲ್ ರೈಗ್ರಾಸ್" ದೊಡ್ಡ ಪಾಲು ಇರುವ ಅಗ್ಗದ ಚೀಲವನ್ನು ಅಲ್ಲೇ ಇಟ್ಟು ಬನ್ನಿ. ಬೇಗ ಹಸಿರಾಗಿ, ಮುಂದಿನ ಬೇಸಿಗೆಯಲ್ಲಿ ಸತ್ತು, ನಿಮ್ಮನ್ನು ಮತ್ತೆ ಅಂಗಡಿಗೆ ಕಳುಹಿಸುವ ಹುಲ್ಲು ಅದು.

ಎಷ್ಟು ಬೀಜ? ಇಲ್ಲಿನ ಲೆಕ್ಕವೆಲ್ಲ 1000 ಚದರಡಿಗೆ. ಬೆಂಗಳೂರಿನ 30×40 ಸೈಟು 1200 ಚದರಡಿ, ಆದ್ದರಿಂದ ಕಣ್ಣಳತೆ ನಮ್ಮವರಿಗೆ ಕಷ್ಟವಲ್ಲ. ಟಾಲ್ ಫೆಸ್ಕ್ಯೂ ಆದರೆ ಪೂರ್ತಿ ಬೋಳು ನೆಲಕ್ಕೆ 6ರಿಂದ 8 ಪೌಂಡ್, ಇರುವ ಹುಲ್ಲಿನ ನಡುವೆ ಹಾಕಲು ಅದರ ಅರ್ಧ. ಬ್ಲೂಗ್ರಾಸ್‌ಗೆ 2ರಿಂದ 3 ಪೌಂಡ್ ಸಾಕು, ಅದರ ಬೀಜ ಎಷ್ಟು ಸಣ್ಣದೆಂದರೆ ಒಂದು ಪೌಂಡಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇರುತ್ತವೆ. ಇನ್ನೊಂದು ಹಿಡಿ ಇರಲಿ ಎಂದು ಸುರಿಯಬೇಡಿ. ಒತ್ತೊತ್ತಾಗಿ ಎದ್ದ ಸಸಿಗಳು ಸೊರಗಿ ರೋಗಕ್ಕೆ ತುತ್ತಾಗುತ್ತವೆ.

[ದೃಶ್ಯ: ಏರೇಟರ್ ಯಂತ್ರ ಲಾನ್ ಮೇಲೆ ಸಾಗುತ್ತದೆ. ಹಿಂದೆ ಮಣ್ಣಿನ ತುಂಡುಗಳು ಬೀಳುತ್ತವೆ.]

ಇನ್ನು ಮುಂದಿನದು ಈ ವಿಡಿಯೋದ ಹೊಟ್ಟೆಯ ಭಾಗ. ಬೀಜ ಮಣ್ಣಿಗೆ ತಾಗಬೇಕು. ಹುಲ್ಲಿನ ಮೇಲೆ, ಒಣಗಿದ ಕಸದ ಮೇಲೆ ಬಿದ್ದ ಬೀಜ ಹಕ್ಕಿಗೆ ಊಟ. ಚೀಲಕ್ಕೆ ನೂರು ಡಾಲರ್ ಕೊಟ್ಟವರು ನೆಲ ಕೆದಕಲು ಒಂದು ಬೆಳಿಗ್ಗೆಯನ್ನು ಕೊಡುವುದಿಲ್ಲ ಎಂಬುದೇ ನನ್ನ ತಕರಾರು.

ಮೊದಲು ಇರುವ ಹುಲ್ಲನ್ನು ಎರಡು ಇಂಚಿಗೆ ಇಳಿಸಿ ಕತ್ತರಿಸಿ, ಕತ್ತರಿಸಿದ್ದನ್ನು ಬಾಚಿ ತೆಗೆಯಿರಿ. ನಂತರ ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ನೆಲಕ್ಕೆ ಚುಚ್ಚಿ. ಹಸಿ ಇರುವಾಗಲೂ ಅದು ಸಲೀಸಾಗಿ ಇಳಿಯದಿದ್ದರೆ ನೆಲ ಗಟ್ಟಿಯಾಗಿದೆ ಎಂದರ್ಥ. ಮನೆ ಕಟ್ಟುವಾಗ ಯಂತ್ರಗಳು ತುಳಿದ ಹೊಸ ಬಡಾವಣೆಗಳಲ್ಲಿ ಇದು ಮಾಮೂಲು. ಆಗ ನೆಲದಲ್ಲಿ ತೂತು ಕೊರೆಯುವ ಏರೇಟರ್ ಯಂತ್ರ ಬೇಕು. ದೊಡ್ಡ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅರ್ಧ ದಿನದ ಬಾಡಿಗೆಗೆ ಸಿಗುತ್ತದೆ. ಪಕ್ಕದ ಮನೆಯವರೊಡನೆ ಹಂಚಿಕೊಂಡರೆ ಖರ್ಚೂ ಅರ್ಧ, ಯಂತ್ರವನ್ನು ಕಾರಿಗೆ ಎತ್ತಿಡಲು ಇನ್ನೊಂದು ಜೊತೆ ಕೈಯೂ ಸಿಗುತ್ತದೆ. ಬರೀ ಮೊಳೆಯಂತೆ ಚುಚ್ಚುವ ಯಂತ್ರವನ್ನು ತರಬೇಡಿ, ಮಣ್ಣನ್ನು ಕೊರೆದು ಹೊರಗೆ ಎಳೆಯುವ ಯಂತ್ರ ತನ್ನಿ. ಹಿಂದಿನ ದಿನ ನೆಲಕ್ಕೆ ನೀರು ಹಾಯಿಸಿ. ಸ್ಪ್ರಿಂಕ್ಲರ್ ತಲೆಗಳಿರುವ ಕಡೆ ಪುಟ್ಟ ಬಾವುಟ ನೆಡಿ, ಇಲ್ಲದಿದ್ದರೆ ಯಂತ್ರ ಅವನ್ನೂ ಕೊರೆಯುತ್ತದೆ.

[ದೃಶ್ಯ: ಅಂಗೈ ಮೇಲೆ ಬೆರಳು ಗಾತ್ರದ ಮಣ್ಣಿನ ತುಂಡು. ಹತ್ತಿರದಿಂದ.]

ಹೊರಗೆ ಬಿದ್ದ ಈ ತುಂಡು ಎರಡು ಮೂರು ಇಂಚು ಉದ್ದ ಇರಬೇಕು. ಇದನ್ನು ಮುರಿದು ನೋಡಿ. ಮೇಲೆ ಕಂದು ಬಣ್ಣದ ನಾರಿನ ಪದರ, ಅದರ ಕೆಳಗೆ ಮಣ್ಣು, ಬಿಳಿ ಬೇರುಗಳು ಎಲ್ಲಿಯವರೆಗೆ ಇಳಿದಿವೆ ಎಂಬುದೂ ಕಾಣುತ್ತದೆ. ಆ ನಾರಿನ ಪದರ ಅರ್ಧ ಇಂಚಿಗಿಂತ ದಪ್ಪ ಇದ್ದರೆ ರೇಕ್‌ನಿಂದ ಗಟ್ಟಿಯಾಗಿ ಎಳೆದು ತೆಗೆಯಬೇಕು, ಬೀಜ ಅದನ್ನು ದಾಟಿ ಮಣ್ಣು ಸೇರಲಾರದು. ತುಂಡುಗಳನ್ನು ಮಾತ್ರ ಗುಡಿಸಿ ಎಸೆಯಬೇಡಿ. ಒಣಗಿದ ಮೇಲೆ ತಾವಾಗಿ ಪುಡಿಯಾಗಿ ಬೀಜದ ಮೇಲೆ ತೆಳುವಾಗಿ ಹರಡಿಕೊಳ್ಳುತ್ತವೆ. ಬೋಳು ಜಾಗದಲ್ಲಿ ಏರೇಟರ್ ಸಾಲದು, ರೇಕ್‌ನ ಹಲ್ಲಿನಿಂದ ಕಾಲಿಂಚು ಆಳಕ್ಕೆ ಮಣ್ಣು ಸಡಿಲ ಮಾಡಿ.

ಬೀಜವನ್ನು ಎರಡು ಪಾಲು ಮಾಡಿ. ಒಂದು ಪಾಲನ್ನು ಉದ್ದಕ್ಕೆ ನಡೆಯುತ್ತ ಚೆಲ್ಲಿ, ಇನ್ನೊಂದನ್ನು ಅಡ್ಡಕ್ಕೆ. ನಂತರ ರೇಕ್ ತಿರುಗಿಸಿ ಬೆನ್ನಿನಿಂದ ಮೆಲ್ಲಗೆ ಸವರಿ, ಬೋಳು ಜಾಗದ ಮೇಲೆ ಕಾಲಿನಿಂದ ತುಳಿಯಿರಿ. ಹೊದಿಕೆಗೆ ಗೋಧಿಯ ಒಣಹುಲ್ಲು ಸಾಕು, ಅದರ ನಡುವೆ ಅರ್ಧದಷ್ಟು ಮಣ್ಣು ಕಾಣುತ್ತಿರಬೇಕು. ದನಕ್ಕೆ ಹಾಕುವ ಒಣ ಮೇವನ್ನು ತಂದರೆ ಅದರ ಜೊತೆ ಕಳೆ ಬೀಜವೂ ಬರುತ್ತದೆ.

[ದೃಶ್ಯ: ಸ್ಪ್ರಿಂಕ್ಲರ್ ನಿಧಾನವಾಗಿ ತಿರುಗುತ್ತಿದೆ.]

ಹೆಚ್ಚಿನವರು ಸೋಲುವುದು ನೀರಿನಲ್ಲಿ. ಉಬ್ಬಿದ ಬೀಜ ಒಮ್ಮೆ ಮೊಳೆಯಲು ಆರಂಭಿಸಿ ಮತ್ತೆ ಒಣಗಿದರೆ ಸತ್ತಂತೆಯೇ. ಆದ್ದರಿಂದ ದಿನಕ್ಕೆ ಎರಡು ಮೂರು ಸಲ, ಐದು ಹತ್ತು ನಿಮಿಷ, ಮೇಲಿನ ಅರ್ಧ ಇಂಚು ಮಣ್ಣು ಹಸಿಯಾಗಿರುವಷ್ಟು ಮಾತ್ರ. ನೀರು ನಿಂತರೆ, ಹರಿದರೆ ಬೀಜ ಒಂದು ಮೂಲೆಗೆ ಹೋಗಿ ಗುಂಪುಗೂಡುತ್ತದೆ. ಕಚೇರಿಗೆ ಹೋಗುವವರು ನಲ್ಲಿಗೆ ಒಂದು ಟೈಮರ್ ಹಾಕಿಕೊಳ್ಳಿ, ಮಧ್ಯಾಹ್ನದ ನೀರನ್ನು ಅದು ನೋಡಿಕೊಳ್ಳುತ್ತದೆ.

ಇಲ್ಲೊಂದು ಮೋಸವಿದೆ. ಅಂಗಡಿಯ ಮಿಶ್ರಣದಲ್ಲಿ ಸಾಮಾನ್ಯವಾಗಿ ಎರಡು ಮೂರು ಜಾತಿಯ ಬೀಜ ಇರುತ್ತದೆ. ರೈಗ್ರಾಸ್ 5ರಿಂದ 10 ದಿನಕ್ಕೆ ಎದ್ದು ನಿಲ್ಲುತ್ತದೆ. ಫೆಸ್ಕ್ಯೂಗೆ 7ರಿಂದ 14 ದಿನ ಬೇಕು. ಬ್ಲೂಗ್ರಾಸ್ ಕೆಲವು ಸಲ ಮೂರು ನಾಲ್ಕು ವಾರ ತೆಗೆದುಕೊಳ್ಳುತ್ತದೆ. ಮೊದಲ ವಾರ ಹಸಿರು ಕಂಡ ಕೂಡಲೇ ಕೆಲಸ ಮುಗಿಯಿತೆಂದು ನೀರು ನಿಲ್ಲಿಸಿದರೆ, ಬಂದದ್ದು ರೈಗ್ರಾಸ್ ಮಾತ್ರ, ನೀವು ಹೆಚ್ಚು ಹಣ ಕೊಟ್ಟ ಬ್ಲೂಗ್ರಾಸ್ ನೆಲದಲ್ಲೇ ಒಣಗಿತು. ನೆಲದಡಿಯ ಕಾಂಡದಿಂದ ಹಬ್ಬಿ ಬೋಳು ಜಾಗವನ್ನು ತಾನೇ ತುಂಬಬಲ್ಲದ್ದು ಆ ಬ್ಲೂಗ್ರಾಸ್ ಒಂದೇ. ಎಲ್ಲವೂ ಎದ್ದ ಮೇಲೆ ನೀರಿನ ಸಲ ಕಡಿಮೆ ಮಾಡಿ, ಪ್ರಮಾಣ ಹೆಚ್ಚಿಸಿ. ಬೇರು ನೀರನ್ನು ಹುಡುಕಿಕೊಂಡು ಕೆಳಗಿಳಿಯಲಿ.

ಗೊಬ್ಬರದ ಮಾತು ಚಿಕ್ಕದು. ಮಣ್ಣು ಪರೀಕ್ಷೆ ಮಾಡಿಸಿ, ನ್ಯೂಜೆರ್ಸಿಯವರಿಗೆ ರಟ್ಗರ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯ ಇದೆ. ಮಣ್ಣಿನ ಹುಳಿತನದ ಅಳತೆಯಾದ ಪಿಎಚ್ 6ಕ್ಕಿಂತ ಕೆಳಗಿದ್ದರೆ ಸುಣ್ಣ ಬೇಕಾಗುತ್ತದೆ. ನ್ಯೂಜೆರ್ಸಿಯಲ್ಲಿ 2011ರ ಕಾನೂನಿನಂತೆ ಲಾನ್‌ಗೆ ರಂಜಕವಿರುವ ಗೊಬ್ಬರ ಹಾಕುವಂತಿಲ್ಲ. ಹೊಸದಾಗಿ ಬಿತ್ತುವಾಗ, ಹಾಳಾದದ್ದನ್ನು ಸರಿಪಡಿಸುವಾಗ, ಅಥವಾ ಬೇಕು ಎಂದು ಮಣ್ಣು ಪರೀಕ್ಷೆ ಹೇಳಿದಾಗ ಮಾತ್ರ ವಿನಾಯಿತಿ ಇದೆ. ನವೆಂಬರ್ 15ರಿಂದ ಮಾರ್ಚ್ 1ರವರೆಗೆ ಮನೆಯವರು ಯಾವ ಲಾನ್ ಗೊಬ್ಬರವನ್ನೂ ಹಾಕುವಂತಿಲ್ಲ. ಮಳೆಯಲ್ಲಿ ಅದು ಕೊಚ್ಚಿಹೋಗಿ ಕೆರೆ, ಕೊಲ್ಲಿಗಳಲ್ಲಿ ಪಾಚಿ ಬೆಳೆಸುತ್ತದೆ ಎಂಬುದೇ ಕಾರಣ.

[ದೃಶ್ಯ: ಅಕ್ಟೋಬರ್. ಎಳೆ ಹುಲ್ಲಿನ ಮೇಲೆ ಮೇಪಲ್ ಎಲೆಗಳು.]

ಎಳೆ ಹುಲ್ಲು ನಾಲ್ಕು ಇಂಚು ದಾಟಿದಾಗ ಮೊದಲ ಸಲ ಕತ್ತರಿಸಿ, ಮೂರು ಇಂಚಿಗಿಂತ ಕೆಳಗೆ ಇಳಿಸಬೇಡಿ. ಬ್ಲೇಡ್ ಹರಿತವಾಗಿರಲಿ, ಮೊಂಡು ಬ್ಲೇಡ್ ಸಸಿಯನ್ನು ಕಿತ್ತೇ ಬಿಡುತ್ತದೆ. ಉದುರಿದ ಎಲೆ ಒದ್ದೆಯಾಗಿ ಚಾಪೆಯಂತೆ ಕುಳಿತರೆ ಕೆಳಗಿನ ಹುಲ್ಲು ಬೆಳಕಿಲ್ಲದೆ ಕೊಳೆಯುತ್ತದೆ. ವಾರಾಂತ್ಯಕ್ಕೆ ಕಾಯದೆ ಬ್ಲೋವರ್‌ನಿಂದ ಮೆಲ್ಲಗೆ ಸರಿಸಿ. ರೇಕ್ ಈಗ ಬೇಡ.

ಈ ವಿಡಿಯೋವನ್ನು ಅಕ್ಟೋಬರ್ ಕೊನೆಯಲ್ಲಿ ನೋಡುತ್ತಿದ್ದೀರಾ? ಹಾಗಿದ್ದರೆ ಈಗ ಬಿತ್ತಲೇಬೇಡಿ. ಅರ್ಧ ಮೊಳೆತ ಸಸಿ ಚಳಿಗೆ ಹೋಗುತ್ತದೆ. ಇನ್ನೂ ಒಂದು ತಿಂಗಳು ಕಾದು, ಮಣ್ಣು 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದ ಮೇಲೆ ಬೋಳು ಜಾಗಕ್ಕೆ ಬೀಜ ಹಾಕಿ. ಆಗ ಅದು ಮೊಳೆಯದೆ ಮಲಗಿರುತ್ತದೆ. ಹೆಪ್ಪುಗಟ್ಟಿ ಕರಗುವ ನೆಲವೇ ಬೀಜವನ್ನು ಒಳಗೆ ಎಳೆದುಕೊಂಡು, ವಸಂತದ ಮೊದಲ ಬಿಸಿಗೆ ಎಬ್ಬಿಸುತ್ತದೆ. ಸೆಪ್ಟೆಂಬರ್ ಬಿತ್ತನೆಯಷ್ಟು ಖಚಿತವಲ್ಲ, ಬೀಜವೂ ತುಸು ಹೆಚ್ಚು ಬೇಕು.

ಅಂಥವರಿಗೆ ಒಂದು ಎಚ್ಚರಿಕೆ. ಮಾರ್ಚ್‌ನಲ್ಲಿ ಎಲ್ಲರೂ ಕ್ರ್ಯಾಬ್‌ಗ್ರಾಸ್ ಮೊಳೆಯದಂತೆ ತಡೆಯುವ ಔಷಧಿ ಹಾಕುತ್ತಾರೆ. ಆ ಔಷಧಿಗಳಲ್ಲಿ ಹೆಚ್ಚಿನವು ನಿಮ್ಮ ಮಲಗಿರುವ ಬೀಜವನ್ನೂ ಮೊಳೆಯಲು ಬಿಡುವುದಿಲ್ಲ. ಲಾನ್ ನೋಡಿಕೊಳ್ಳುವ ಕಂಪನಿಯೊಂದಿಗೆ ವರ್ಷದ ಒಪ್ಪಂದ ಇದ್ದರೆ, ಚಳಿಗಾಲದಲ್ಲಿ ಬೀಜ ಹಾಕಿದ್ದೇವೆ, ಮುಂಭಾಗಕ್ಕೆ ಈ ಸಲ ಆ ಔಷಧಿ ಬೇಡ ಎಂದು ಫೆಬ್ರವರಿಯಲ್ಲೇ ಫೋನ್ ಮಾಡಿ ಹೇಳಿಬಿಡಿ.