ಜೋಗ ಎತ್ತರವಾಗಿಯೇ ಕಾಣಲಿ

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯಿತೆಂದರೆ ಶಿವಮೊಗ್ಗದಲ್ಲಿ ಕ್ಯಾಮೆರಾ ಇರುವವರೆಲ್ಲ ಜೋಗದತ್ತ ಹೊರಡುತ್ತಾರೆ. ಸ್ಟೀರಿಯೊ ಚಿತ್ರ, ಅಂದರೆ ಎಡಗಣ್ಣಿಗೊಂದು ಬಲಗಣ್ಣಿಗೊಂದು ತೆಗೆದು ಆಳ ಕಾಣುವಂತೆ ಮಾಡುವ ಜೋಡಿಚಿತ್ರ, ತೆಗೆಯುವ ಆಸೆಯಿರುವವರು ಮೊದಲು ಕೇಳುವುದು ಒಂದೇ: ಎರಡು ಕ್ಯಾಮೆರಾಗಳ ನಡುವೆ ಎಷ್ಟು ಅಂತರವಿರಬೇಕು?

ನಮ್ಮ ಕಣ್ಣುಗಳ ನಡುವಿನ ಅಂತರ ಸುಮಾರು 65 ಮಿಲಿಮೀಟರ್. ಎರಡು ಕಣ್ಣುಗಳ ನೋಟದಲ್ಲಿರುವ ಅಲ್ಪ ವ್ಯತ್ಯಾಸದಿಂದ ಆಳದ ಅನುಭವ ಮೂಡುತ್ತದೆ ಎಂಬುದನ್ನು ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲಿ ವಿವರಿಸಿದರು. ಆಗಿನ್ನೂ ಛಾಯಾಗ್ರಹಣ ಜನರ ಮುಂದೆ ಬಂದಿರಲಿಲ್ಲ. ರೇಖಾಚಿತ್ರಗಳಲ್ಲೇ ಅದನ್ನು ತೋರಿಸಿದರು.

ಫುಲ್ ಫ್ರೇಮ್ (36×24 ಮಿಲಿಮೀಟರ್ ಸೆನ್ಸರಿನ) ಕ್ಯಾಮೆರಾದಲ್ಲಿ 35 ಮಿಲಿಮೀಟರ್ ಲೆನ್ಸ್ ಇದ್ದರೆ, ಚೌಕಟ್ಟಿನೊಳಗೆ ಅತಿ ಹತ್ತಿರವಿರುವ ವಸ್ತುವಿನ ದೂರವನ್ನು 30ರಿಂದ ಭಾಗಿಸಿ; ಬಂದದ್ದೇ ಕ್ಯಾಮೆರಾಗಳ ನಡುವೆ ಇಡಬಹುದಾದ ಅಂತರ. ಆ ವಸ್ತು ಎರಡು ಮೀಟರ್ ದೂರದಲ್ಲಿದ್ದರೆ ಕಣ್ಣುಗಳ ಅಂತರವೇ ಸಾಕು. ನೀವು ಮೆಚ್ಚಿದ ವಸ್ತುವಿನ ದೂರವಲ್ಲ, ಹತ್ತಿರದ್ದರ ದೂರ. ಮಲೆನಾಡಿನಲ್ಲಿ ಯಾವುದೋ ಟೊಂಗೆ, ಜರೀಗಿಡದ ಎಲೆ ಚೌಕಟ್ಟಿನ ಮೂಲೆಗೆ ಬಂದೇ ಬರುತ್ತದೆ. ದೂರದ ಗುಡ್ಡಕ್ಕೆಂದು ಅಂತರ ಹೆಚ್ಚಿಸಿದಾಗ ಆ ಒಂದು ಎಲೆ ಎರಡಾಗಿ ಕಂಡು ಕಣ್ಣು ನೋಯಿಸುತ್ತದೆ. ಹಿನ್ನೆಲೆಯೂ ಹತ್ತಿರವೇ ಇದ್ದರೆ ಸ್ವಲ್ಪ ಸ್ವಾತಂತ್ರ್ಯ ಸಿಗುತ್ತದೆ. ಇಕ್ಕೇರಿಯ ದೇವಾಲಯದಲ್ಲಿ ಮುಂದಿನ ಕಂಬ ಮೂರು ಮೀಟರ್, ಹಿಂದಿನ ಗೋಡೆ ಆರು ಮೀಟರ್ ದೂರದಲ್ಲಿದೆ ಎಂದುಕೊಳ್ಳಿ: ಹತ್ತು ಸೆಂಟಿಮೀಟರ್ ಬದಲು ಇಪ್ಪತ್ತು ಇಡಬಹುದು.

ಲೆನ್ಸ್ ಬದಲಾದರೆ ಲೆಕ್ಕವೂ ಬದಲಾಗುತ್ತದೆ. 70 ಮಿಲಿಮೀಟರ್ ಲೆನ್ಸ್ ಎಡ-ಬಲ ಚಿತ್ರಗಳ ನಡುವಿನ ವ್ಯತ್ಯಾಸವನ್ನು ಇಮ್ಮಡಿ ಮಾಡುವುದರಿಂದ 60ರಿಂದ ಭಾಗಿಸಬೇಕು. ಆದರೆ ಲೆಕ್ಕ ಸರಿಯಾದ ಮಾತ್ರಕ್ಕೆ ಚಿತ್ರ ಸರಿಯಾಗುವುದಿಲ್ಲ. ಸಕ್ರೆಬೈಲಿನಲ್ಲಿ ನೀರಿಗಿಳಿದ ಆನೆಯನ್ನು ದಡದಿಂದ 200 ಮಿಲಿಮೀಟರ್ ಲೆನ್ಸಿನಲ್ಲಿ ಹಿಡಿದರೆ, ಅದು ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದಂತೆ ಕಾಣುತ್ತದೆ. ಲೆನ್ಸ್ ಆನೆಯನ್ನು ಹತ್ತಿರ ತಂದಂತೆ ದೊಡ್ಡದಾಗಿಸುತ್ತದೆ. ಮೈಯ ಉಬ್ಬುತಗ್ಗು ಮಾತ್ರ ಅದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಆದ್ದರಿಂದ ಸಾಧ್ಯವಿರುವ ಕಡೆ ಟೆಲಿ ಲೆನ್ಸ್ ಬಿಟ್ಟು, ಕಾಲಿಗೆ ಕೆಲಸ ಕೊಡಿ ಎನ್ನುತ್ತೇನೆ.

ಈಗ ಜೋಗ. ಹತ್ತಿರದ ಬಂಡೆಯೂ 300 ಮೀಟರ್ ಆಚೆ ಇರುವಂತೆ ಚೌಕಟ್ಟು ಕಟ್ಟಿದಿರಿ ಎನ್ನೋಣ. ಸೂತ್ರ ಹತ್ತು ಮೀಟರ್ ಅಂತರ ಕೊಡುತ್ತದೆ. ಆಳ ಭರ್ಜರಿಯಾಗಿ ಬರುತ್ತದೆ, ನಿಜ. ಆದರೆ ಕಣ್ಣುಗಳ ಅಂತರವನ್ನು ಸುಮಾರು 154 ಪಟ್ಟು ಹಿಗ್ಗಿಸಿದಾಗ ದೃಶ್ಯ ಅಷ್ಟೇ ಪಟ್ಟು ಕುಗ್ಗಿದಂತೆ ತೋರುತ್ತದೆ. 253 ಮೀಟರ್ ಧುಮುಕುವ ರಾಜಾ ಧಾರೆ ಆಳೆತ್ತರಕ್ಕೆ, ಹೆಚ್ಚುಕಡಿಮೆ 1.65 ಮೀಟರಿಗೆ, ಇಳಿಯುತ್ತದೆ! ಸೂತ್ರ ಹೇಳುವುದು ಹೆಚ್ಚೆಂದರೆ ಎಷ್ಟು ಎಂಬುದನ್ನು, ಅಷ್ಟು ಇಡಲೇಬೇಕೆಂದಲ್ಲ. ಅಲ್ಲಿ ನಾನು ಒಂದೆರಡು ಮೀಟರಿಗಿಂತ ಹೆಚ್ಚು ಇಡುವುದಿಲ್ಲ. ಬಂಡೆ ಬಂಡೆಯಿಂದ ಬೇರ್ಪಟ್ಟು ಕಾಣುತ್ತದೆ, ಜಲಪಾತದ ಗಾಂಭೀರ್ಯವೂ ಉಳಿಯುತ್ತದೆ.

ಕ್ಯಾಮೆರಾಗಳನ್ನು ಒಂದೇ ಮಟ್ಟದಲ್ಲಿ, ಸಮಾನಾಂತರವಾಗಿ ಇಡಿ, ಒಳಮುಖವಾಗಿ ತಿರುಗಿಸಬೇಡಿ. ಒಂದೇ ಕ್ಯಾಮೆರಾವನ್ನು ಸರಿಸಿ ಎರಡು ಸಲ ತೆಗೆಯುವ ವಿಧಾನ ಇಕ್ಕೇರಿಯ ಕಲ್ಲಿಗೆ ಸಾಕು, ಜೋಗದ ನೀರಿಗೆ ಸಾಲದು. ಎರಡನೆಯ ಚಿತ್ರದ ಹೊತ್ತಿಗೆ ನೀರಿನ ಎಳೆಗಳೂ ಮಂಜೂ ಜಾಗ ಬದಲಿಸಿರುತ್ತವೆ. ಆಗ ಎಡಚಿತ್ರಕ್ಕೆ ಬಲಚಿತ್ರ ಹೊಂದುವುದಿಲ್ಲ. ಅಲ್ಲಿಗೆ ಎರಡು ಕ್ಯಾಮೆರಾಗಳನ್ನೇ ಒಯ್ದು, ಎರಡರ ಶಟರ್ ಒಟ್ಟಿಗೆ ಒತ್ತುವಂತೆ ಒಂದೇ ರಿಮೋಟಿಗೆ ಜೋಡಿಸಿಕೊಳ್ಳಿ.